ಅಮ್ಮನ ಮನೆಗೆ ಹಾಕಿಸಿದ ಗ್ರಿಲ್, ಲಾಕ್, ಕ್ಯಾಮೆರಾ: ಎಂಟು ತಿಂಗಳ ಬಳಿಕ

ಹನುಮಂತನಗರದ ನಮ್ಮ ಹಳೇ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಅವಳಿಗೀಗ 74. ಅಪ್ಪ ಹೋಗಿ ಎರಡು ವರ್ಷ ಆಯಿತು. ನಾನಿರುವುದು ಯಲಹಂಕದಲ್ಲಿ. ನಡುವೆ 20 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಸಂಜೆ ಹೊರಟರೆ ಒಂದೂವರೆ ಗಂಟೆ ಬೇಕು, ಮಳೆ ಬಂದರೆ ಲೆಕ್ಕವೇ ಇಲ್ಲ. ಕಳೆದ ವರ್ಷ ಪಕ್ಕದ ಕ್ರಾಸ್‌ನಲ್ಲಿ ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದವರೊಬ್ಬರ ಕತ್ತಿನ ಸರವನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ತಿಂಗಳು ಅಮ್ಮನ ಮನೆಗೆ ಮೂರು ವಸ್ತು ಹಾಕಿಸಿದೆ.

ಐದು ಕಿಟಕಿ ಮತ್ತು ವರಾಂಡಕ್ಕೆ ಕಬ್ಬಿಣದ ಗ್ರಿಲ್. ಒಟ್ಟು 110 ಚದರ ಅಡಿ, ಅಡಿಗೆ 320 ರೂಪಾಯಿಯಂತೆ 35,200. ಮುಂಬಾಗಿಲಿಗೆ ಡಿಜಿಟಲ್ ಲಾಕ್, 14,500. ಬೆಲ್ ಇದ್ದ ಜಾಗಕ್ಕೆ ಕ್ಯಾಮೆರಾ ಇರುವ ಬೆಲ್, 8,300. ಒಟ್ಟು 58,000 ರೂಪಾಯಿ. ಬ್ರ್ಯಾಂಡ್‌ಗಳ ಹೆಸರು ಬರೆಯುತ್ತಿಲ್ಲ. ನಾಲ್ಕೈದು ಕಡೆ ವಿಚಾರಿಸಿದ್ದೆ, ಈ ಬೆಲೆಗೆ ಸಿಗುವವೆಲ್ಲ ಹೆಚ್ಚುಕಮ್ಮಿ ಒಂದೇ ಥರ. ವಯಸ್ಸಾದ ಅಪ್ಪ ಅಮ್ಮನಿಗೆ ಇವನ್ನು ಹಾಕಿಸಬೇಕು ಅಂತ ಯೋಚಿಸುತ್ತಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇದರಲ್ಲಿ ಸಿನಿಮಾ ಮಾತು ಜಾಸ್ತಿ ಬರುತ್ತದೆ. ಯಾಕೆಂದರೆ ನಮ್ಮದು ಸಸ್ಪೆನ್ಸ್ ಸಿನಿಮಾ ನೋಡುವ ಮನೆ. ಅದನ್ನು ಕಲಿಸಿದ್ದು ಅಪ್ಪ. 2004ರಲ್ಲಿ ‘ಆಪ್ತಮಿತ್ರ’ಕ್ಕೆ ಮೆಜೆಸ್ಟಿಕ್‌ಗೆ ಎರಡು ಸಲ ಹೋಗಿ ಟಿಕೆಟ್ ಸಿಗದೆ ವಾಪಸ್ ಬಂದು, ಮೂರನೇ ಸಲ ನೋಡಿದೆವು. ಅಪ್ಪ ಹೋದ ಮೇಲೆ ಅಮ್ಮ ಶನಿವಾರ ರಾತ್ರಿ ಟಿವಿ ಹಾಕುವುದನ್ನೇ ಬಿಟ್ಟಿದ್ದಳು. ಅದಕ್ಕೆ ಪ್ರತಿ ಶನಿವಾರ ನಾನು ಅಲ್ಲಿಗೆ ಹೋಗುತ್ತೇನೆ. ಊಟ ಆದ ಮೇಲೆ ಹಾಲ್‌ನ ದೀಪ ಆರಿಸಿ ಒಂದು ಸಿನಿಮಾ ನೋಡುತ್ತೇವೆ. ಇಂಗ್ಲಿಷ್ ಸಿನಿಮಾ ಆದರೆ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಅಮ್ಮ ಪ್ರಶ್ನೆ ಕೇಳುತ್ತಾಳೆ. ಅವಳ ಪ್ರಶ್ನೆಗಳಿಂದಲೇ ಈ ಮೂರು ವಸ್ತುಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದ್ದು.

ಮೊದಲು ಗ್ರಿಲ್. ಕೆಲಸದ ಗುಣಮಟ್ಟಕ್ಕೆ ನನ್ನ ಪೂರ್ತಿ ಅಂಕ. ನಮ್ಮ ಏರಿಯಾದಲ್ಲೇ ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡಿರುವ ಹುಡುಗ. ಚೌಕದ ರಾಡ್, ಬೆಸುಗೆ ನುಣ್ಣಗಿದೆ, ಕೈ ಸವರಿದರೆ ಎಲ್ಲೂ ಚುಚ್ಚುವುದಿಲ್ಲ. ಎರಡು ಕೋಟ್ ರೆಡ್ ಆಕ್ಸೈಡ್ ಹೊಡೆದು ಆಮೇಲೆ ಪೇಂಟ್ ಮಾಡಿದ. ಒಂದು ಮಳೆಗಾಲ ಕಳೆದಿದೆ. ವರಾಂಡದ ಕೆಳಮೂಲೆಯಲ್ಲಿ ನೀರು ನಿಲ್ಲುವ ಒಂದು ಜಾಯಿಂಟ್ ಬಿಟ್ಟರೆ ಎಲ್ಲೂ ತುಕ್ಕು ಬಂದಿಲ್ಲ. ಹೇಳಿದ ದಿನಕ್ಕೆ ಬಂದ, ಎರಡು ದಿನದಲ್ಲಿ ಮುಗಿಸಿದ, ಸಿಮೆಂಟ್ ಪುಡಿಯನ್ನು ತಾನೇ ಗುಡಿಸಿ ಹೋದ.

ತೊಂದರೆ ಶುರುವಾಗಿದ್ದು ನಾನು ಕೊಟ್ಟ ಅಳತೆಯಿಂದ.

ನಮ್ಮ ಹಳೇ ತೇಗದ ಕಿಟಕಿಗಳಿಗೆ ಮೊದಲಿನಿಂದಲೂ ಸರಳುಗಳಿದ್ದವು. ನೇರ ಸರಳು, ನಡುವೆ ಒಂದು ಕೈ ಸಲೀಸಾಗಿ ಹೋಗುವಷ್ಟು ಜಾಗ. ಸಂಜೆ ಹೂವಿನಮ್ಮ ಬಂದರೆ ಆ ಜಾಗದಿಂದಲೇ ಎರಡು ಮೊಳ ಮಲ್ಲಿಗೆ ಒಳಗೆ ಬರುತ್ತಿತ್ತು, ಒಂದು ಲೋಟ ಕಾಫಿ ಹೊರಗೆ ಹೋಗುತ್ತಿತ್ತು. ಅವಳು ಬೀದಿಯಲ್ಲಿ ನಿಂತು, ಅಮ್ಮ ಒಳಗೆ ನಿಂತು, ಹತ್ತು ನಿಮಿಷ ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಆಪರೇಷನ್, ಕುಮಾರಸ್ವಾಮಿ ದೇವಸ್ಥಾನದಲ್ಲಿ ಅವತ್ತು ಏನು ವಿಶೇಷ, ಎಲ್ಲ ಅಲ್ಲೇ. ನಾನು ಹೊಸ ಗ್ರಿಲ್‌ಗೆ ಎರಡೂವರೆ ಇಂಚು ಅಂತರ ಹೇಳಿದ್ದೆ. ಅಡ್ಡಪಟ್ಟಿಯೂ ಬೇಕು ಅಂದಿದ್ದೆ. ‘ಕೈ ಹೋಗಬಾರದು’ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕಳ್ಳನ ಕೈ ಹೋಗುವುದಿಲ್ಲ, ಸರಿ. ಕಾಫಿ ಲೋಟವೂ ಹೋಗುವುದಿಲ್ಲ.

ವರಾಂಡದ್ದು ಇನ್ನೂ ಬೇಜಾರಿನ ಸಂಗತಿ. ಸಂಜೆ ಐದಕ್ಕೆ ಅಮ್ಮ ಅಲ್ಲಿ ಮೊರ ಇಟ್ಟುಕೊಂಡು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಹೋಗುವವರು ಬರುವವರು ‘ಊಟ ಆಯ್ತಾ ಅಮ್ಮ’ ಅನ್ನುತ್ತಿದ್ದರು. ಗ್ರಿಲ್ ಬಂದ ಮೂರನೇ ವಾರ ನೋಡಿದೆ, ಅಮ್ಮ ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಯಾಕಮ್ಮ ಅಂದೆ.

‘ಅಲ್ಲಿ ಕೂತ್ರೆ ಕಂಬಿ ಎಣಿಸ್ತಾ ಕೂತ ಹಾಗೆ ಅನ್ಸುತ್ತೆ ಕಣೇ’ ಅಂದಳು. ಬೈಯುವ ಧ್ವನಿ ಇರಲಿಲ್ಲ. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು.

ಅದೇ ಶನಿವಾರ ನಾವು ನೋಡಿದ್ದು 2016ರ ‘10 ಕ್ಲೋವರ್‌ಫೀಲ್ಡ್ ಲೇನ್’. ಕತೆ ಮೊದಲೇ ಗೊತ್ತಾಗಬಾರದು ಅನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ. ಮಿಶೆಲ್ ಅನ್ನುವ ಹುಡುಗಿಗೆ ಕಾರು ಅಪಘಾತ ಆಗುತ್ತದೆ. ಎಚ್ಚರವಾದಾಗ ನೆಲದ ಕೆಳಗಿನ ಕೋಣೆಯಲ್ಲಿದ್ದಾಳೆ, ಕಾಲಿಗೆ ಸರಪಳಿ. ಹೋವರ್ಡ್ ಅನ್ನುವ ದಢೂತಿ ಮನುಷ್ಯ ಊಟ ತಂದುಕೊಡುತ್ತಾನೆ. ಹೊರಗಿನ ಗಾಳಿಯೆಲ್ಲ ವಿಷವಾಗಿದೆ, ನಿನ್ನ ಜೀವ ಉಳಿಸಿದ್ದೇ ನಾನು ಅನ್ನುತ್ತಾನೆ. ಕೀ ಗೊಂಚಲು ಅವನ ಸೊಂಟದಲ್ಲಿ. ಇವಳು ಒಮ್ಮೆ ಅದನ್ನು ಕಿತ್ತುಕೊಂಡು ಹೊರಬಾಗಿಲ ತನಕ ಓಡುತ್ತಾಳೆ. ಬಾಗಿಲ ಗಾಜಿನ ಆಚೆ ಒಬ್ಬ ಹೆಂಗಸು, ಮುಖದ ಚರ್ಮವೆಲ್ಲ ಹಾಳಾಗಿದೆ, ಒಳಗೆ ಬಿಡು ಅಂತ ಬಡಿಯುತ್ತಿದ್ದಾಳೆ. ಅಂದರೆ ಅವನು ಹೇಳಿದ್ದು ಸುಳ್ಳಲ್ಲ. ಮಿಶೆಲ್ ಬಾಗಿಲು ತೆಗೆಯುವುದಿಲ್ಲ. ಒಳಗೇ ಉಳಿಯುತ್ತಾಳೆ, ಅಡುಗೆ ಊಟ ಆಟ ಎಲ್ಲ ಶುರುವಾಗುತ್ತದೆ, ನಮಗೂ ಸ್ವಲ್ಪ ನಿರಾಳ. ಆಮೇಲೆ ಗಾಳಿ ಶುದ್ಧ ಮಾಡುವ ಯಂತ್ರ ಸರಿಮಾಡಲು ಕಿರಿದಾದ ಜಾಗದಲ್ಲಿ ತೂರಿಕೊಂಡು ಹೋದಾಗ, ಮೇಲಿನ ಕಿಂಡಿಯ ಗಾಜಿನ ಮೇಲೆ ಯಾರೋ ಗೀರಿ ಬರೆದ ಅಕ್ಷರ ಕಾಣುತ್ತದೆ. ಸಹಾಯ ಮಾಡಿ ಅಂತ. ಒಳಗಿನಿಂದ ಗೀರಿದ್ದು.

ನಾನು ಅಲ್ಲಿ ನಿಲ್ಲಿಸಿದೆ. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: ‘ಹೊರಗಡೆ ಅಪಾಯ ಇರೋದು ನಿಜಾನೇ. ಒಪ್ಪಿಕೊಳ್ಳೋಣ. ಆದ್ರೆ ಕೀ ಅವನ ಸೊಂಟದಲ್ಲೇ ಯಾಕಿರಬೇಕು?’

ಎಷ್ಟೋ ಸಸ್ಪೆನ್ಸ್ ಸಿನಿಮಾ ನೋಡಿದ್ದೇನೆ, ಈ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಹೊರಗೆ ಅಪಾಯ ಇದೆಯೋ ಇಲ್ಲವೋ ಅನ್ನುವುದನ್ನೇ ನೋಡುತ್ತಾ ಕೂರುತ್ತಿದ್ದೆ. ಅಪಾಯ ಇದ್ದರೆ ಕೂಡಿಹಾಕಿದ್ದು ಸರಿ, ಇಲ್ಲದಿದ್ದರೆ ತಪ್ಪು. ಅಮ್ಮ ಆ ಲೆಕ್ಕವನ್ನೇ ಪಕ್ಕಕ್ಕಿಟ್ಟಳು. ಮಾಗಡಿ ಕಡೆಯ ಅಜ್ಜಿಯ ಮನೆಯ ಬಾಗಿಲಿಗೆ ಅಗಳಿ ಇತ್ತು. ಗೋಡೆಯೊಳಗಿನಿಂದ ಎಳೆಯುವ ದಪ್ಪ ಮರದ ತುಂಡು. ಅದನ್ನು ಒಳಗಿದ್ದವರು ಮಾತ್ರ ಹಾಕಬಹುದು, ಒಳಗಿದ್ದವರು ಮಾತ್ರ ತೆಗೆಯಬಹುದು. ಚಿಲಕವೂ ಹಾಗೇ. ಬೀಗ ಹಾಕುವುದು ಹೊರಗೆ ನಿಂತವರು. ‘ಚಿಲಕ ಹಾಕ್ಕೊಂಡು ಮಲಗು’ ಅಂತ ಮಕ್ಕಳಿಗೆ ಹೇಳುತ್ತೇವೆ. ‘ಬೀಗ ಹಾಕ್ಕೊಂಡು ಮಲಗು’ ಅಂತ ಯಾರಾದರೂ ಹೇಳುತ್ತಾರಾ?

ಈಗ ಲಾಕ್ ವಿಷಯ.

ನೋಡಲು ಚೆಂದ ಇದೆ. ಬೆರಳು ಇಟ್ಟರೆ ತೆರೆಯುತ್ತದೆ, ಆರು ಅಂಕಿಯ ನಂಬರ್ ಒತ್ತಿದರೂ ತೆರೆಯುತ್ತದೆ, ಕಾರ್ಡ್ ತೋರಿಸಿದರೂ ತೆರೆಯುತ್ತದೆ, ಮಾಮೂಲಿ ಕೀ ಕೂಡ ಕೊಡುತ್ತಾರೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಇಲ್ಲಿಯವರೆಗೆ ಒಂದೇ ಸಲ ಬದಲಿಸಿದ್ದೇನೆ. ಒಳಗಿನಿಂದ ಹಿಡಿ ತಿರುಗಿಸಿದರೆ ಸಾಕು, ಸೆಲ್ ಇಲ್ಲದಿದ್ದರೂ ತೆರೆಯುತ್ತದೆ. ಅದು ಒಳ್ಳೆಯದು, ಕೊಳ್ಳುವಾಗ ಇದನ್ನು ಖಂಡಿತ ನೋಡಿ. ಆದರೆ ಒಂದು ಸೌಲಭ್ಯ ಇದೆ, ಬಾಗಿಲು ಮುಚ್ಚಿದ ಕೂಡಲೇ ತಾನಾಗಿ ಲಾಕ್ ಆಗುವುದು. ಅಳವಡಿಸಲು ಬಂದವನು ಅದನ್ನು ಆನ್ ಮಾಡಿ ಹೋದ. ‘ಅಮ್ಮನಿಗೆ ಮರೆತರೂ ಭಯ ಇಲ್ಲ ಮೇಡಂ’ ಅಂದ. ನನಗೂ ಸರಿ ಅನ್ನಿಸಿತು.

ಅಮ್ಮನ ಬೆರಳನ್ನು ಅದು ಓದುತ್ತಿರಲಿಲ್ಲ. ಐದು ಸಲ ಇಟ್ಟರೆ ಒಂದು ಸಲ. ನನಗೆ ಮೊದಲೇ ಹೊಳೆಯಬೇಕಿತ್ತು. ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗಾಗಿ ಬದುಕಿದ್ದೇನೆ ಅಂತ ಬೆರಳೊತ್ತಲು ಹೋದಾಗಲೂ ಇದೇ ಪಾಡು. ಐವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ರಂಗೋಲಿ ಪುಡಿ ಹಿಡಿದ ಬೆರಳು. ಗೆರೆಗಳು ಸವೆದುಹೋಗಿವೆ. ಕಂಪನಿಗೆ ಫೋನ್ ಮಾಡಿದರೆ ‘ವಯಸ್ಸಾದವರಿಗೆ ಹಾಗಾಗುತ್ತೆ, ನಂಬರ್ ಉಪಯೋಗಿಸಿ’ ಅಂದರು. ಮಾರುವಾಗ ಈ ಮಾತು ಹೇಳಿರಲಿಲ್ಲ. ನಂಬರ್ ಬರೆದ ಚೀಟಿಯನ್ನು ನಾನು ದೇವರ ಮನೆಯ ಕ್ಯಾಲೆಂಡರ್ ಹಿಂದೆ ಅಂಟಿಸಿದ್ದೆ.

ಜುಲೈ ತಿಂಗಳ ಒಂದು ಬೆಳಗ್ಗೆ, ತಿಂಗಳ ಕೊನೆ. ಆಫೀಸಿನಲ್ಲಿ ಲೆಕ್ಕ ಮುಗಿಸುವ ಮೀಟಿಂಗ್. ಫೋನ್ ಸೈಲೆಂಟ್‌ನಲ್ಲಿಟ್ಟು ಬ್ಯಾಗಿಗೆ ಹಾಕಿದ್ದೆ. ಅಮ್ಮ ಹಾಲು ಒಲೆಯ ಮೇಲಿಟ್ಟು, ಸಣ್ಣ ಉರಿ ಮಾಡಿ, ಪೇಪರ್ ತರಲು ಬಾಗಿಲಾಚೆ ಹೋಗಿದ್ದಾಳೆ. ಗಾಳಿಗೆ ಬಾಗಿಲು ಮುಚ್ಚಿಕೊಂಡಿದೆ. ಫೋನ್ ಒಳಗೆ. ಚೀಟಿ ಒಳಗೆ. ಕಾರ್ಡ್ ಬೀರುವಿನಲ್ಲಿ. ಒಂದು ಕೀಯೂ ಬೀರುವಿನಲ್ಲಿ, ಇನ್ನೊಂದು ಯಲಹಂಕದಲ್ಲಿ. ಬೆರಳು ಓದಲಿಲ್ಲ.

ಮೀಟಿಂಗ್ ಮುಗಿಸಿ ಫೋನ್ ತೆಗೆದಾಗ ಪಕ್ಕದ ಮನೆಯವರ ಆರು ಮಿಸ್ಡ್ ಕಾಲ್ ಇತ್ತು. ವಾಪಸ್ ಮಾಡಿ ನಂಬರ್ ಹೇಳಿದೆ. ಅವರು ಒತ್ತಿದರು, ಬಾಗಿಲು ತೆರೆಯಿತು. ಒಟ್ಟು 40 ನಿಮಿಷ. ಹಾಲು ಪೂರ್ತಿ ಸುಟ್ಟು, ಪಾತ್ರೆ ಕರಕಲಾಗಿ, ಅಡುಗೆಮನೆ ತುಂಬ ಹೊಗೆ. ಅಮ್ಮ ಸೆರಗು ಮುಚ್ಚಿಕೊಂಡು ಒಳಗೆ ಓಡಿ ಒಲೆ ಆರಿಸಿದಳಂತೆ. ಏನೂ ಆಗಲಿಲ್ಲ. ದೇವರು ದೊಡ್ಡವನು.

ಆ ಸಂಜೆ ನಾನು ಕ್ಯಾಮೆರಾದ ವಿಡಿಯೊಗಳನ್ನು ತೆಗೆದೆ. ಇಪ್ಪತ್ತು ಸೆಕೆಂಡಿನ ತುಣುಕುಗಳು, ಒಟ್ಟು ಹನ್ನೊಂದು. ಮೊದಲನೆಯದರಲ್ಲಿ ಅಮ್ಮ ಬೆಲ್ ಒತ್ತುತ್ತಿದ್ದಾಳೆ. ತನ್ನ ಮನೆಯ ಬೆಲ್ಲನ್ನು ತಾನೇ. ಅದು ನನ್ನ ಫೋನಿನಲ್ಲಿ ಬಡಿಯುತ್ತದೆ ಅಂತ ಅವಳಿಗೆ ಹೇಳಿಕೊಟ್ಟಿದ್ದೆ. ಮೂರನೆಯದರಲ್ಲಿ ಕ್ಯಾಮೆರಾದ ಹತ್ತಿರ ಬಂದು ಸೀದಾ ನನ್ನ ಕಣ್ಣನ್ನೇ ನೋಡುತ್ತಿರುವಂತೆ ನಿಂತು, ‘ಪುಟ್ಟಿ, ಕೇಳಿಸ್ತಿದೆಯೇನೇ? ಒಲೆ ಮೇಲೆ ಹಾಲಿದೆ ಕಣೇ’ ಅನ್ನುತ್ತಾಳೆ. ಏಳನೆಯದರಲ್ಲೂ ಅದೇ ಮಾತು, ಧ್ವನಿ ಸಣ್ಣದಾಗಿದೆ. ಒಂಬತ್ತನೆಯದರಲ್ಲಿ ಸುಮ್ನೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಬೆನ್ನು ಮಾತ್ರ ಕಾಣುತ್ತದೆ. ನಾನು ನೋಡುತ್ತಿದ್ದೇನೆ ಅಂತ ಅವಳು ನಂಬಿದ್ದಳು. ಆ ನಂಬಿಕೆಯನ್ನು ಕೊಟ್ಟಿದ್ದು ನಾನೇ. ಪಕ್ಕದ ಮನೆಯ ಗೇಟು ಹತ್ತು ಹೆಜ್ಜೆ ದೂರ. ಕ್ಯಾಮೆರಾ ಇರದಿದ್ದರೆ ಮೊದಲೇ ಅಲ್ಲಿಗೆ ಹೋಗುತ್ತಿದ್ದಳು.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಒಂದು ಪ್ರಸಿದ್ಧ ಮಾತಿದೆ. ಮೇಜಿನ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕನಿಗೆ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಅಚ್ಚರಿ. ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ಸಸ್ಪೆನ್ಸ್. ಪರದೆಯ ಮೇಲಿನವರು ಏನೂ ಅರಿಯದೆ ಹರಟುತ್ತಿರುತ್ತಾರೆ, ನೋಡುವವರು ಕುರ್ಚಿಯ ತುದಿಗೆ ಬಂದಿರುತ್ತಾರೆ. ನಮ್ಮ ಮನೆಯಲ್ಲಿ ಅದು ತಿರುಗಿಬಿತ್ತು. ಒಲೆಯ ಮೇಲೆ ಹಾಲಿದೆ ಅಂತ ಗೊತ್ತಿದ್ದದ್ದು ಪರದೆಯ ಮೇಲಿದ್ದ ಅಮ್ಮನಿಗೆ. ನೋಡಬೇಕಾದ ನಾನು ಕುರ್ಚಿಯಲ್ಲೇ ಇರಲಿಲ್ಲ.

ಅವತ್ತು ರಾತ್ರಿ ನನಗೆ ಕಾರ್ಲ್‌ಟನ್ ಟವರ್ಸ್ ನೆನಪಾಯಿತು. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆ. ಆ ಕಟ್ಟಡಕ್ಕೆ ಬೆಂಕಿ ಬಿದ್ದು ಹೊಗೆ ತುಂಬಿಕೊಂಡು, ಮೆಟ್ಟಿಲಲ್ಲಿ ಇಳಿಯಲಾಗದೆ ಜನ ಕಿಟಕಿಗಳಿಂದ ಹಾರಿದ್ದರು. 9 ಜನ ಸತ್ತರು. ಟಿವಿಯಲ್ಲಿ ಅದನ್ನು ನೋಡಿದ ಬೆಂಗಳೂರಿನವರು ಯಾರೂ ಮರೆತಿರಲಾರರು. ಅಮ್ಮ ಅವತ್ತು ಹೊರಗಿದ್ದಳು, ಸರಿ. ಒಳಗೆ ಮಲಗಿದ್ದಾಗ ಅಡುಗೆಮನೆ ಹೊತ್ತಿಕೊಂಡಿದ್ದರೆ? ಅಡುಗೆಮನೆ ದಾಟಿಯೇ ಹಾಲ್‌ಗೆ ಬರಬೇಕು, ಹಾಲ್ ದಾಟಿಯೇ ಮುಂಬಾಗಿಲು. ಐದೂ ಕಿಟಕಿಗೆ ನಾನು ಗಟ್ಟಿ ಗ್ರಿಲ್ ಹಾಕಿಸಿದ್ದೆ. ಒಂದೂ ತೆರೆಯುವುದಿಲ್ಲ.

ಬೆಳಗ್ಗೆ ಎದ್ದವಳೇ ಗ್ರಿಲ್ ಹುಡುಗನಿಗೆ ಫೋನ್ ಮಾಡಿದೆ. ಅವನು ಬಂದು, ಮಲಗುವ ಕೋಣೆಯ ಕಿಟಕಿಯ ಗ್ರಿಲ್‌ನಲ್ಲಿ ಒಬ್ಬರು ಆರಾಮವಾಗಿ ಹೊರಬರುವಷ್ಟು ಭಾಗ ಕತ್ತರಿಸಿ, ಕೀಲು ಹಾಕಿ, ಬಾಗಿಲಿನ ಥರ ಮಾಡಿಕೊಟ್ಟ. 3,500 ತೆಗೆದುಕೊಂಡ. ನಾನು ಬೀಗ ಹಾಕಲು ಕೊಂಡಿ ಬೇಕು ಅಂದೆ. ಅವನು ತಲೆಯಾಡಿಸಿದ.

‘ಬೇಡ ಅಕ್ಕ. ಎಲ್ರೂ ಬೀಗ ಕೇಳ್ತಾರೆ. ಹೊಗೆ ಬಂದಾಗ ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕ್ತಾ ಇರ್ತೀರಾ? ಒಳಗಡೆ ಚಿಲಕ ಹಾಕ್ತೀನಿ, ಹೊರಗಿಂದ ಕೈಗೆ ಸಿಗದ ಹಾಗೆ ಪ್ಲೇಟ್ ಮುಚ್ತೀನಿ. ಅಜ್ಜಿ ಕತ್ತಲಲ್ಲೂ ತೆಗೀಬೇಕು.’

ಅಮ್ಮನಿಂದ ಕಣ್ಣು ಮುಚ್ಚಿಸಿ ತೆಗೆಸಿದ. ಮೂರು ಸಲ. ಚಿಲಕ ಬಿಗಿಯಿತ್ತು ಅಂತ ಎಣ್ಣೆ ಬಿಟ್ಟು ಮತ್ತೊಂದು ಸಲ. ನಾನು ಕೊಟ್ಟ 58,000ದಲ್ಲಿ ಇಲ್ಲದ್ದನ್ನು ಈ 3,500 ಕೊಟ್ಟಿತು. ಗ್ರಿಲ್ ಹಾಕಿಸುವವರು ಮೊದಲ ದಿನವೇ ಇದನ್ನು ಕೇಳಿ ಮಾಡಿಸಿಕೊಳ್ಳಿ, ಆಮೇಲೆ ಕತ್ತರಿಸಿದರೆ ಪೇಂಟ್ ಹಾಳಾಗುತ್ತದೆ.

‘ಪ್ಯಾನಿಕ್ ರೂಮ್’ ಅಂತ 2002ರ ಸಿನಿಮಾ ಇದೆ. ನ್ಯೂಯಾರ್ಕ್‌ನ ಮನೆಯೊಂದರಲ್ಲಿ ಉಕ್ಕಿನ ಬಾಗಿಲಿನ ಕೋಣೆ. ಕಳ್ಳರು ಬಂದಾಗ ತಾಯಿ ಮಗಳು ಅದರೊಳಗೆ ಸೇರಿಕೊಳ್ಳುತ್ತಾರೆ. ಕಳ್ಳರಿಗೆ ಬೇಕಾದ ಹಣ ಅದೇ ಕೋಣೆಯಲ್ಲಿದೆ. ಮಗಳಿಗೆ ಸಕ್ಕರೆ ಕಾಯಿಲೆ, ಅವಳಿಗೆ ಬೇಕಾದ ಔಷಧಿ ಹೊರಗಿದೆ. ಕೋಣೆಯ ಫೋನಿಗೆ ಇನ್ನೂ ಕನೆಕ್ಷನ್ ಕೊಡಿಸಿರುವುದಿಲ್ಲ. ಮೊದಲು ನೋಡಿದಾಗ ಕಳ್ಳರು ಒಳಗೆ ಬರುತ್ತಾರಾ ಅಂತ ಹೆದರಿದ್ದೆ. ಈ ಸಲ ನೋಡಿದಾಗ ತಾಯಿ ಹೊರಗೆ ಹೇಗೆ ಹೋಗುತ್ತಾಳೆ ಅಂತ ಹೆದರಿದೆ. ಬಾಗಿಲು ಎಷ್ಟು ದಪ್ಪ ಇದ್ದರೇನು, ಬದುಕಿಗೆ ಬೇಕಾದ್ದು ಯಾವಾಗಲೂ ಅದರ ಆಚೆಯೂ ಇರುತ್ತದೆ, ಅಲ್ವಾ?

ಕ್ಯಾಮೆರಾ ಬಗ್ಗೆ ಇನ್ನೂ ಹೇಳಬೇಕು, ಯಾಕೆಂದರೆ ಮೂರರಲ್ಲಿ ನನ್ನ ನೆಮ್ಮದಿ ಹೆಚ್ಚು ಕೆಡಿಸಿದ್ದು ಅದೇ. ಚಿತ್ರ ಸ್ಪಷ್ಟ ಇದೆ. ಧ್ವನಿ ಪರವಾಗಿಲ್ಲ. ಆದರೆ ಗೇಟಿನ ಮುಂದೆ ಏನು ಅಲ್ಲಾಡಿದರೂ ಫೋನಿಗೆ ಸಂದೇಶ. ಬೆಕ್ಕು, ಹೊಂಗೆ ಮರದ ನೆರಳು, ಪಾರ್ಸೆಲ್ ಹುಡುಗರು, ಆಟೋ. ಮೊದಲ ವಾರ ದಿನಕ್ಕೆ ಅರವತ್ತು ಎಪ್ಪತ್ತು ಬರುತ್ತಿದ್ದವು. ಆ ಕ್ಯಾಮೆರಾದ ಗಾಜು ಮುಖಗಳನ್ನು ಉಬ್ಬಿಸಿ ತೋರಿಸುತ್ತದೆ. ರಾತ್ರಿ ಎಲ್ಲ ಕಪ್ಪು ಬಿಳುಪು, ಕಣ್ಣುಗಳು ಹೊಳೆಯುತ್ತವೆ. ಪರಿಚಯದವರೂ ಅಪರಿಚಿತರ ಥರ ಕಾಣುತ್ತಾರೆ. ಒಂದು ಮಧ್ಯಾಹ್ನ ಹೆಲ್ಮೆಟ್ ಹಾಕಿದ ಗಂಡಸೊಬ್ಬ ಗೇಟು ತೆಗೆದು ಒಳಗೆ ಬಂದು ಗೋಡೆಯ ಪಕ್ಕ ಮರೆಯಾದ. ತುಣುಕು ಅಲ್ಲಿಗೆ ಮುಗಿಯಿತು. ಅಮ್ಮ ಫೋನ್ ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ. ಕೈ ನಡುಗುತ್ತಿತ್ತು. ಐದನೇ ಸಲಕ್ಕೆ ಎತ್ತಿ, ‘ಮೀಟರ್ ರೀಡಿಂಗ್‌ಗೆ ಬಂದಿದ್ರು ಕಣೇ, ಬೆಸ್ಕಾಂನವರು. ನೀರು ಕೊಟ್ಟೆ’ ಅಂದಳು.

ಸಸ್ಪೆನ್ಸ್ ಸಿನಿಮಾದವರು ಮಾಡುವುದೂ ಇದನ್ನೇ. ಪೂರ್ತಿ ತೋರಿಸುವುದಿಲ್ಲ. ಬಾಗಿಲ ಕೆಳಗಿನ ನೆರಳು, ಮೆಟ್ಟಿಲ ಸದ್ದು, ಚೌಕಟ್ಟಿನಿಂದ ಹೊರಗೆ ಸರಿದುಹೋದ ಒಂದು ತೋಳು. ಉಳಿದದ್ದನ್ನು ನಮ್ಮ ಹೆದರಿಕೆ ತುಂಬಿಕೊಳ್ಳುತ್ತದೆ. ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದುಕೊಂಡ ಫೋಟೋಗ್ರಾಫರ್ ಎದುರು ಮನೆಗಳ ಕಿಟಕಿಗಳನ್ನು ನೋಡುತ್ತಾ ಕೂತಿರುತ್ತಾನೆ. ಅವನ ಗೆಳತಿ ಕೊಲೆಗಾರನ ಮನೆಯೊಳಗೆ ಹೋದಾಗ, ಕೊಲೆಗಾರ ವಾಪಸ್ ಬರುವುದು ಅವನಿಗೆ ಕಾಣುತ್ತದೆ, ಎದ್ದು ಹೋಗಲಾಗುವುದಿಲ್ಲ. 1954ರ ಸಿನಿಮಾ. ಯಲಹಂಕದಲ್ಲಿ ಫೋನ್ ಹಿಡಿದು ಕೂತ ನಾನು ಅದೇ ಗಾಲಿಕುರ್ಚಿಯಲ್ಲಿದ್ದೆ. ನೋಡಬಹುದು, ಮುಟ್ಟಲಾಗದು. 1990ರ ದಶಕದ ಕೊನೆಯಲ್ಲಿ ದಂಡುಪಾಳ್ಯದ ತಂಡದ ಸುದ್ದಿ ಊರೆಲ್ಲ ಹಬ್ಬಿದಾಗ ಅಪ್ಪ ಇದೇ ಬಾಗಿಲಿಗೆ ಒಂದು ಪುಟ್ಟ ಗಾಜಿನ ಕಿಂಡಿ ಕೊರೆಸಿದ್ದರು. ಅದರಲ್ಲಿ ನೋಡುವವರು ಬಾಗಿಲ ಹಿಂದೆಯೇ ನಿಂತಿರುತ್ತಿದ್ದರು. ನೋಡಿ, ತೆಗೆಯಬೇಕೋ ಬೇಡವೋ ಅಂತ ಅವರೇ ತೀರ್ಮಾನ ಮಾಡುತ್ತಿದ್ದರು. ಹೊಸ ಲಾಕ್ ಕೂರಿಸುವಾಗ ಆ ಕಿಂಡಿ ಮುಚ್ಚಿಹೋಯಿತು. ನಾನು ಬೇಡ ಅನ್ನಲಿಲ್ಲ.

ಅದೇ ಬಾಗಿಲಿನ ಮೇಲೆ ಒಮ್ಮೆ ಅಮ್ಮ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ದಳು. ಆ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ರಾತ್ರಿ ದೆವ್ವ ಬಂದು ನಮ್ಮವರದ್ದೇ ಧ್ವನಿಯಲ್ಲಿ ಕರೆಯುತ್ತದಂತೆ, ಬಾಗಿಲು ತೆಗೆದರೆ ಸಾವಂತೆ, ‘ನಾಳೆ ಬಾ’ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದಂತೆ. ನಾನು ಮೊನ್ನೆ ಅಮ್ಮನನ್ನು ಕೇಳಿದೆ, ಆಗ ಜಾಸ್ತಿ ಹೆದರಿಕೆ ಇತ್ತಾ, ಈಗ ಜಾಸ್ತಿ ಇದೆಯಾ?

‘ಆಗ ಬೀದಿಯವರೆಲ್ಲ ಸೇರಿ ಹೆದರಿದ್ವಿ’ ಅಂದಳು. ‘ಎದುರು ಮನೆಯವರು ಬರೆದ್ರು ಅಂತ ನಾನೂ ಬರೆದೆ. ಬೆಳಗ್ಗೆ ಎದ್ದು ಎಲ್ರೂ ನಿಮ್ಮನೆಗೆ ಬಂದಿತ್ತಾ, ನಿಮ್ಮನೆಗೆ ಬಂದಿತ್ತಾ ಅಂತ ಕೇಳ್ಕೊಂಡ್ವಿ. ಈಗ ನಾನೊಬ್ಬಳೇ ಹೆದರಬೇಕು. ಇಲ್ಲಾಂದ್ರೆ ನೀನು ಅಲ್ಲಿ ಕೂತು ಹೆದರ್ತೀಯ.’

ಆಮೇಲಿನ ಶನಿವಾರ ನೋಡಿದ್ದು 2001ರ ‘ದಿ ಅದರ್ಸ್’. ಎರಡನೇ ಮಹಾಯುದ್ಧ ಮುಗಿದ ಹೊತ್ತು, ಜರ್ಸಿ ದ್ವೀಪದ ದೊಡ್ಡ ಮನೆ. ಮಕ್ಕಳಿಗೆ ಬೆಳಕು ಆಗುವುದಿಲ್ಲ ಅಂತ ತಾಯಿ ಎಲ್ಲ ಕಿಟಕಿಗೂ ಪರದೆ ಎಳೆದಿದ್ದಾಳೆ. ಮನೆಗೆಲಸದವರಿಗೆ ಅವಳ ನಿಯಮ ಒಂದೇ: ಒಂದು ಬಾಗಿಲು ಮುಚ್ಚಿ ಬೀಗ ಹಾಕದೆ ಇನ್ನೊಂದು ತೆಗೆಯುವಂತಿಲ್ಲ. ಕೀ ಗೊಂಚಲು ಅವಳ ಕೈಯಲ್ಲಿ ಸದಾ ಗಲಗಲ ಅನ್ನುತ್ತದೆ. ಅವಳ ಪ್ರೀತಿ ಸುಳ್ಳಲ್ಲ. ನಿಕೋಲ್ ಕಿಡ್‌ಮನ್ ಆ ಪ್ರೀತಿಯನ್ನು ಎಷ್ಟು ನಿಜವಾಗಿ ಮಾಡಿದ್ದಾಳೆ ಅಂದರೆ ನಮಗೆ ಮಕ್ಕಳ ಬಗ್ಗೆಯೂ ಕರುಳು ಹಿಂಡುತ್ತದೆ, ಅವಳ ಬಗ್ಗೆಯೂ. ಕತೆಯ ಕೊನೆ ಹೇಳುವುದಿಲ್ಲ. ಆದರೆ ನಡುವಿನಲ್ಲಿ ಎಲ್ಲೋ ನನಗೆ ಗೊತ್ತಾಯಿತು, ನಾನು ಅಮ್ಮನ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದೇನೆ. ಆ ರಾತ್ರಿ ಹಾಲ್‌ನ ಕತ್ತಲಲ್ಲಿ ಅಮ್ಮನಿಗೆ ಕ್ಷಮೆ ಕೇಳಿದೆ. ‘ಹುಚ್ಚಿ’ ಅಂದು ನನ್ನ ತಲೆ ಸವರಿದಳು.

‘ಆಪ್ತಮಿತ್ರ’ದ ಮೂಲ ಮಲಯಾಳಂ ಸಿನಿಮಾ 1993ರದ್ದು, ಅದರ ಹೆಸರು ‘ಮಣಿಚಿತ್ರತ್ತಾಳ್’. ಚಿತ್ತಾರದ ಬೀಗ ಅಂತ ಅರ್ಥ. ಅರಮನೆಯಲ್ಲಿ ನಾಗವಲ್ಲಿಯ ಕೋಣೆಗೆ ಬೀಗ ಬಿದ್ದಷ್ಟೂ ದಿನ ಭಯ ಬೆಳೆಯುತ್ತದೆ. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಇನ್ನೂ ದೊಡ್ಡ ಬೀಗ ತರಿಸುವುದಿಲ್ಲ. ಎದುರು ನಿಂತು ಮಾತಾಡಿಸುತ್ತಾನೆ. ಅಪ್ಪನಿಗೆ ಆ ಪಾತ್ರ ಯಾಕೆ ಅಷ್ಟು ಇಷ್ಟ ಅಂತ ಈಗ ಅರ್ಥ ಆಗುತ್ತಿದೆ.

ಅದಕ್ಕೆ ನಾನೂ ಅಮ್ಮನನ್ನು ಕೂರಿಸಿಕೊಂಡು ಕೇಳಿದೆ, ಈ ಮೂರರಲ್ಲಿ ಯಾವುದು ಇರಲಿ, ಯಾವುದು ಬೇಡ. ಮೊದಲೇ ಕೇಳಬೇಕಿತ್ತು. ಎಲ್ಲ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಹಾಗನ್ನಲಿಲ್ಲ. ‘ಸರ ಕಿತ್ಕೊಂಡು ಹೋಗಿದ್ದು ಸುಳ್ಳಾ? ರಾತ್ರಿ ನಂಗೂ ಭಯ ಆಗುತ್ತೆ’ ಅಂದಳು. ಕೂತು ಒಂದೊಂದಾಗಿ ಬದಲಿಸಿದೆವು. ಲಾಕ್ ತಾನಾಗಿ ಬೀಳುವುದನ್ನು ನಿಲ್ಲಿಸಿದೆವು. ಬೆರಳಿನ ಬದಲು ಕಾರ್ಡ್ ಬಳಸುತ್ತಾಳೆ. ಬಟನ್ನಿನಷ್ಟು ಚಿಕ್ಕ ಬಿಲ್ಲೆಯೂ ಸಿಗುತ್ತದೆ, ಅದನ್ನು ಅವಳ ಕೀ ಗೊಂಚಲಿಗೆ ಹಾಕಿದೆ. ಅದು ಸದಾ ಅವಳ ಸೊಂಟದಲ್ಲಿರುತ್ತದೆ. ಇನ್ನೊಂದು ಕೀ ಪಕ್ಕದ ಮನೆಯಲ್ಲಿ. ರಾತ್ರಿ ಹಳೇ ಹಿತ್ತಾಳೆ ಚಿಲಕ ಹಾಕಿಕೊಳ್ಳುತ್ತಾಳೆ. ಈ ಬದಲಾವಣೆ ಆದ ಮೇಲೆ ಲಾಕ್‌ಗೆ ಐದಕ್ಕೆ ಮೂರು ಕೊಡಬಲ್ಲೆ. ಪೆಟ್ಟಿಗೆಯಿಂದ ತೆಗೆದು ಕೂರಿಸಿದ ಹಾಗೇ ಬಿಟ್ಟರೆ ಒಂದು ಕೂಡ ಇಲ್ಲ.

ಕ್ಯಾಮೆರಾ ಈಗ ಅಲ್ಲಾಟಕ್ಕೆಲ್ಲ ಕೂಗುವುದಿಲ್ಲ, ಬೆಲ್ ಒತ್ತಿದರೆ ಮಾತ್ರ. ಅದು ಬಡಿಯುವುದು ಅಮ್ಮನ ಫೋನಿಗೆ. ಅವಳು ಪರದೆ ನೋಡಿ ‘ಯಾರು?’ ಅನ್ನುತ್ತಾಳೆ, ಬೇಕಾದರೆ ತೆಗೆಯುತ್ತಾಳೆ. ನನ್ನ ಫೋನಿನಿಂದ ಆ ಆ್ಯಪ್ ತೆಗೆದುಹಾಕಿದೆ. ಮೊದಲ ವಾರ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಎದೆಯಲ್ಲಿ ಏನೋ ಖಾಲಿ. ಈಗ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಫೋನ್ ಮಾಡುತ್ತೇನೆ. ಒಂದೊಂದು ಸಲ ಎತ್ತುವುದಿಲ್ಲ. ಹೂವಿನಮ್ಮನ ಜೊತೆ ಮಾತಾಡುತ್ತಿರಬಹುದು ಅಂದುಕೊಳ್ಳುತ್ತೇನೆ. ಪೂರ್ತಿ ನಂಬಿಕೆ ಬಂದಿದೆ ಅಂತ ಹೇಳಲಾರೆ, ಅರ್ಧ ಗಂಟೆ ಕಾಯುವುದು ಕಲಿತಿದ್ದೇನೆ.

ಹೋದ ವಾರ ಗ್ರಿಲ್ ಹುಡುಗ ಮೂಲೆಯ ತುಕ್ಕು ಕೆರೆದು ಪೇಂಟ್ ಹೊಡೆಯಲು ಬಂದಿದ್ದ. ಅಮ್ಮ ಅವನ ಹತ್ತಿರ ಇನ್ನೊಂದು ಕೆಲಸ ಇದೆ ಅಂದಳು. ವರಾಂಡದ ಗ್ರಿಲ್‌ನಲ್ಲಿ, ತಾನು ಕೂರುವ ಜಾಗದ ಹತ್ತಿರ, ಒಂದು ಚಿಕ್ಕ ಕಿಂಡಿ ಬೇಕು. ‘ಕನಕನ ಕಿಂಡಿ ಥರಾನಾ ಅಜ್ಜಿ?’ ಅಂದ. ಎಷ್ಟು ದೊಡ್ಡದು ಅಂತ ಕೇಳಿದ. ಅಮ್ಮನಿಗೆ ಇಂಚಿನಲ್ಲಿ ಹೇಳಲು ಬರಲಿಲ್ಲ. ‘ಹಾಗಾದ್ರೆ ಲೋಟ ಕೊಡಿ, ಅಳತೆ ತಗೊಳ್ತೀನಿ’ ಅಂದ. ಅಮ್ಮ ಒಳಗೆ ಹೋಗಿ ಹೂವಿನಮ್ಮನಿಗೆ ಕಾಫಿ ಕೊಡುವ ಸ್ಟೀಲ್ ಲೋಟ ತಂದುಕೊಟ್ಟಳು. ಅವನು ಅದನ್ನು ಕಂಬಿಗೆ ಹಿಡಿದು, ಹಿಡಿಯುವ ಕೈಗೂ ಸ್ವಲ್ಪ ಜಾಗ ಸೇರಿಸಿ, ಚಾಕ್‌ನಲ್ಲಿ ಗುರುತು ಹಾಕಿ ಕತ್ತರಿಸಿದ. ಒಳಗಡೆಯಿಂದ ಪುಟ್ಟ ಚಿಲಕ. ದುಡ್ಡು ಬೇಡ ಅಂದ. ಅಮ್ಮ ಕಾಫಿ ಮಾಡಿ, ಅವನನ್ನು ಬೀದಿಗೆ ಕಳಿಸಿ, ಆ ಕಿಂಡಿಯಿಂದಲೇ ಲೋಟ ಕೊಟ್ಟಳು.